ಪೈಲಟ್‌ಗಳಿಗೆ ಮೀಸಲಾದ ಮಾವನ ಕಿವಿ

ನನ್ನ ಸೋದರಮಾವನ ಕಿವಿ ಬಹಳ ಸೂಕ್ಷ್ಮ. ಹತ್ತು ಮೈಲಿ ಆಚೆ, ಮೋಡದೊಳಗೆ ಹೋಗುತ್ತಿರುವ ಪೈಲಟ್ ಗೊಣಗಿದ್ದು ಅವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಹತ್ತು ಅಡಿ ಈಚೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತೆ "ರೀ, ಊಟಕ್ಕೆ ಬನ್ನಿ" ಎಂದು ಮೂರು ಸಲ ಕರೆದದ್ದು ಮಾತ್ರ ಕೇಳಿಸುವುದಿಲ್ಲ. ಮದುವೆಯಾಗಿ ನಲವತ್ತು ವರ್ಷ ದಾಟಿದ ಗಂಡಸರಲ್ಲಿ ಈ ಲಕ್ಷಣ ಹೊಸದೇನಲ್ಲ, ಒಪ್ಪಿದೆ. ಆದರೆ ಉಳಿದವರು ಕೇಳಿಸದ ಹಾಗೆ ನಟಿಸುವಾಗ ಸ್ವಲ್ಪವಾದರೂ ಕಳ್ಳ ಮುಖ ಮಾಡುತ್ತಾರೆ. ನಮ್ಮ ಮಾವ ಅದನ್ನೂ ಮಾಡುವುದಿಲ್ಲ!

ಪೈಲಟ್‌ಗಳ ಮಾತು ಅವರಿಗೆ ಸಿಗುವುದು ಸ್ಕ್ಯಾನರ್ ಎಂಬ ಡಬ್ಬಿಯಿಂದ. ಅಂಗೈಗಿಂತ ತುಸು ದೊಡ್ಡದು, ನೆತ್ತಿಯ ಮೇಲೊಂದು ಕಪ್ಪು ಆಂಟೆನಾ, ಡಬ್ಬಿಯಿಂದ ಹೊರಟ ಇಯರ್‌ಫೋನಿನ ವೈರು, ವೈರಿನ ಕೊನೆಯಲ್ಲಿ ಮಾವ. ವಿಮಾನದವರು ತಮ್ಮತಮ್ಮಲ್ಲಿ ಆಡುವ ಮಾತು, ಕೆಳಗೆ ವಿಮಾನ ನಿಲ್ದಾಣದ ಟವರಿನವರ ಜೊತೆ ಆಡುವ ಮಾತು, ಎಲ್ಲವನ್ನೂ ಅದು ಹಿಡಿದು ಕೊಡುತ್ತದೆ. ಮಾವ ಮೈಸೂರಿನಲ್ಲಿ ಓದಿ, ಎಪ್ಪತ್ತರ ದಶಕದಲ್ಲಿ ಕೆನಡಾಕ್ಕೆ ಬಂದು, ಕೆಲಸವಿದ್ದಷ್ಟು ಕಾಲವೂ ನೀರಿನ ಪಂಪುಗಳನ್ನು ಡಿಸೈನ್ ಮಾಡಿ ನಿವೃತ್ತರಾದ ಎಂಜಿನಿಯರ್. ಪಂಪಿಗೂ ವಿಮಾನಕ್ಕೂ ಏನು ಸಂಬಂಧ ಎಂದು ಕೇಳಿದರೆ, "ಪಂಪು ಮಾತಾಡಲ್ವಲ್ಲ" ಎನ್ನುತ್ತಾರೆ.

ನಾನು ಸಾಫ್ಟ್‌ವೇರ್ ಕೆಲಸ ಹಿಡಿದು ಮೊದಲ ಸಲ ಟೊರಾಂಟೊದಲ್ಲಿ ಇಳಿದ ದಿನ ಮಾವ ಕರೆದುಕೊಂಡು ಹೋಗಲು ಬರಬೇಕಿತ್ತು. ಎರಡು ಸೂಟ್‌ಕೇಸು, ಒಂದು ಉಪ್ಪಿನಕಾಯಿ ಜಾಡಿ ಹಿಡಿದು ಬಾಗಿಲ ಹತ್ತಿರ ಒಂದೂವರೆ ಗಂಟೆ ನಿಂತೆ. ಆಮೇಲೆ ಮಾವ ನಗುನಗುತ್ತಾ ಬಂದರು.

"ನೀನು ಬಂದಿದ್ದು ನಿನಗಿಂತ ಮೊದಲು ನನಗೆ ಗೊತ್ತಾಯ್ತು. ಇಳಿಯೋಕೆ ಮುಂಚೆ ಎರಡು ಸುತ್ತು ಹಾಕ್ಸಿದ್ರು, ಅಲ್ವಾ?"

"ಮಾವ, ಆಗ್ಲಿಂದ ಇಲ್ಲೇ ನಿಂತಿದೀನಿ. ಎಲ್ಲಿದ್ರಿ?"

"ಪಾರ್ಕಿಂಗಲ್ಲೇ ಇದ್ದೆ. ನಿನ್ನ ಹಿಂದೆ ಇನ್ನೂ ಆರು ವಿಮಾನ ಲೈನಲ್ಲಿದ್ವು ಕಣೇ. ಅರ್ಧಕ್ಕೆ ಬಿಟ್ಟು ಬರೋಕಾಗುತ್ತಾ?"

ಇನ್ನು ಊರಾಚೆಯ ಕ್ಲೈನ್‌ಬರ್ಗ್‌ನ ಸತ್ಯನಾರಾಯಣ ಪೂಜೆಯ ವಿಷಯ. ಪರಿಚಯದವರೊಬ್ಬರು ಅಲ್ಲಿ ಅರಮನೆಯಂಥ ಮನೆ ತೆಗೆದುಕೊಂಡು ಊರಿಗೆಲ್ಲ ಊಟ ಹಾಕಿದ್ದರು. ಮಾವ ರೇಷ್ಮೆ ಪಂಚೆ ಉಟ್ಟು, ಜುಬ್ಬದ ಜೇಬಿನಲ್ಲಿ ಡಬ್ಬಿ ಇಟ್ಟು, ವೈರನ್ನು ಶಲ್ಯದ ಕೆಳಗಿನಿಂದ ತಂದು ಕಿವಿಗೆ ಸಿಕ್ಕಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತರು. ನೋಡಿದವರೆಲ್ಲ ಅದನ್ನು ಹಿಯರಿಂಗ್ ಏಡ್ ಎಂದುಕೊಂಡರು. ಒಬ್ಬೊಬ್ಬರೇ ಬಂದು ಅವರ ಮುಖದ ಹತ್ತಿರ ಬಾಗಿ, "ಹೇಗಿದೀರಾ ಸಾರ್" ಎಂದು ಕೂಗಿ ಹೋದರು. ಮಾವನಿಗೆ ಸಿಟ್ಟು ಬಂತು. ಅಷ್ಟರಲ್ಲಿ ಗುಡುಗು ಮಳೆಗೆ ಸಿಕ್ಕಿ ಇಳಿಯಲಾಗದೆ ಸುತ್ತುತ್ತಿದ್ದ ಯಾವುದೋ ವಿಮಾನದ ಕಥೆ ಡಬ್ಬಿಯಲ್ಲಿ ಶುರುವಾಯಿತು. ಪುರೋಹಿತರು ಸಾಧುವಿನ ಹಡಗು ಮುಳುಗುವ ಅಧ್ಯಾಯಕ್ಕೆ ಬಂದು ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದಾಗ, ಮಾವ ಎರಡೂ ಕೈ ಮುಗಿದು ಗಟ್ಟಿಯಾಗಿ, "ಸದ್ಯ, ಇಳೀತು" ಎಂದರು. ಪುರೋಹಿತರು ಪುಸ್ತಕ ಕೆಳಗಿಟ್ಟು, ಹಡಗು ಯಾಕೆ ಇಳಿಯಿತು ಎಂದು ನೋಡಿದರು.

ಇದನ್ನೆಲ್ಲ ಹೇಳಿಕೊಂಡು ನಾವು ಬೇಕಾದಷ್ಟು ನಕ್ಕಿದ್ದೇವೆ. ನಗದೆ ಉಳಿದವರು ಅತ್ತೆ ಒಬ್ಬರೇ, ಅದೂ ಕಳೆದ ಚಳಿಗಾಲದಿಂದ. ಆ ಚಳಿಗಾಲದ ಒಂದು ದಿನ ಎರಿನ್ ಮಿಲ್ಸ್‌ನ ಅವರ ಮನೆಯಲ್ಲಿ ಅತ್ತೆ ಸಾರಿಗೆ ಒಗ್ಗರಣೆ ಹಾಕಿದರು. ಇಲ್ಲಿನ ಮನೆಗಳಲ್ಲಿ ಒಣಮೆಣಸಿನಕಾಯಿ ಸಿಡಿದರೆ ಸ್ಮೋಕ್ ಅಲಾರಂ ಸಿಡಿಯದೆ ಇರುವುದಿಲ್ಲ. ಅದು ಕೀರಲು ದನಿಯಲ್ಲಿ ಹೊಡೆದುಕೊಳ್ಳತೊಡಗಿತು. ನಾನು ಟವೆಲ್ ಬೀಸುತ್ತಾ ಓಡಿದೆ, ಅತ್ತೆ ಕಿಟಕಿ ತೆಗೆದರು. ಅಲಾರಮ್ಮಿನ ನೇರ ಕೆಳಗೆ ಕೂತಿದ್ದ ಮಾವ ಪೇಪರಿನ ಪುಟ ತಿರುಗಿಸಿದರು. "ಎಂಥ ಏಕಾಗ್ರತೆ ಅತ್ತೆ" ಎಂದು ನಾನು ನಕ್ಕೆ. ಅತ್ತೆ ಕೈಯಲ್ಲಿ ಸೌಟು ಹಿಡಿದು ಅವರನ್ನೇ ನೋಡುತ್ತಾ ನಿಂತಿದ್ದರು.

ಆ ವಾರವೇ ಅತ್ತೆ ಡಾಕ್ಟರನ್ನು ಕೇಳಿದರು. ವಯಸ್ಸಾದವರಲ್ಲಿ ಮೊದಲು ಹೋಗುವುದು ತೆಳ್ಳನೆಯ ದನಿಗಳು, ಅಂದರೆ ಗಂಟೆ, ಅಲಾರಂ, ಹೆಂಗಸರ ಮಾತು. ದಪ್ಪ ದನಿ ಬಹಳ ದಿನ ಉಳಿಯುತ್ತದೆ. ಕಿವಿ ಟೆಸ್ಟ್ ಮಾಡಿಸಿ ಎಂದು ಡಾಕ್ಟರು ಹೇಳಿದರು. ಅತ್ತೆ ಎದುರಿಗೆ ಕೂತು ಕೂಗಿ ಕೂಗಿ ಹೇಳಿದರೂ ಮಾವ ಒಪ್ಪಬೇಕಲ್ಲ?

"ಡಾಕ್ಟರು ನಿನ್ನ ಪಾರ್ಟಿ. ಹತ್ತು ಮೈಲಿ ಆಚೆಯಿರೋ ಪೈಲಟ್ ಕೇಳಿಸ್ತಾನೆ ನನಗೆ. ಇನ್ನು ಟೆಸ್ಟು ಯಾಕೆ?"

"ಮೊನ್ನೆ ಲೇಕ್ ಹತ್ತಿರ ಹಿಂದಿನಿಂದ ಸೈಕಲ್ಲಿನವನು ಅಷ್ಟು ಬೆಲ್ ಹೊಡೆದ. ನಾನು ಕೈ ಹಿಡಿದು ಎಳೀದೇ ಇದ್ರೆ ಬಿದ್ದಿರೋರು."

"ಅವನಿಗೆ ಸೈಕಲ್ ಹೊಡೆಯೋಕೆ ಬರಲ್ಲ."

ಎರಡು ಸಲ ತೆಗೆದುಕೊಂಡ ಅಪಾಯಿಂಟ್‌ಮೆಂಟನ್ನು ಎರಡು ಸಲವೂ ಮಾವ ಕ್ಯಾನ್ಸಲ್ ಮಾಡಿದರು. ಕೊನೆಗೆ ಅತ್ತೆ ನನ್ನನ್ನು ಸಾಕ್ಷಿಗೆ ಕೂರಿಸಿಕೊಂಡು ಒಂದು ಕರಾರು ಮಾಡಿಸಿದರು. ಯಾವತ್ತು ಡಬ್ಬಿಯೊಳಗಿನ ಮಾತು ಮಾವನಿಗೆ ಕೇಳಿಸುವುದಿಲ್ಲವೋ, ಅವತ್ತು ಅವರು ತುಟಿ ಪಿಟಕ್ಕೆನ್ನದೆ ಟೆಸ್ಟಿಗೆ ಬರಬೇಕು. ಮಾವ ಕೈ ಮೇಲೆ ಕೈ ಹಾಕಿ ಒಪ್ಪಿದರು. ಗೆದ್ದೇ ತೀರುತ್ತೇನೆ ಎಂಬ ಧೈರ್ಯ ಅವರದು. ಈಚೆಗೆ ಆಗಾಗ "ರಿಸೆಪ್ಷನ್ ಯಾಕೋ ಸರಿ ಇಲ್ಲ" ಎಂದು ಆಂಟೆನಾ ತಿರುಚುತ್ತಿದ್ದದ್ದನ್ನು ನಾನು ನೋಡಿದ್ದೆ, ಆದರೆ ಅದನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ.

ಹೀಗೆ ಬೇಸಿಗೆ ಕಳೆದು, ಸೋಮವಾರವೂ ರಜ ಸೇರುವ ಸೆಪ್ಟೆಂಬರಿನ ಲೇಬರ್ ಡೇ ವೀಕೆಂಡ್ ಬಂತು. ಸರೋವರದ ಮೇಲೆ ಏರ್ ಶೋ ನಡೆಯುವ ದಿನಗಳು. ಜಗತ್ತೆಲ್ಲ ವಿಮಾನಗಳನ್ನು ಹತ್ತಿರದಿಂದ ನೋಡಲು ಡೌನ್‌ಟೌನ್ ಕಡೆಗೆ ಹೋದರೆ ಮಾವ ನಮ್ಮನ್ನು ಮೈಲಿಗಟ್ಟಲೆ ಆಚೆಯ ದಡದ ಪೋರ್ಟ್ ಕ್ರೆಡಿಟ್‌ಗೆ ಕರೆದೊಯ್ಯುತ್ತಾರೆ. ಅಲ್ಲಿಂದ ವಿಮಾನಗಳು ಸೊಳ್ಳೆಯಷ್ಟು ಕಾಣುತ್ತವೆ. ತಿರುಗಿಕೊಳ್ಳಲು ನಮ್ಮ ಕಡೆ ಬಂದಾಗ ಮಾತ್ರ ಕಾಗೆಯಷ್ಟಾಗುತ್ತವೆ. "ಅಲ್ಲಿ ಬರೀ ಗದ್ದಲ. ಇಲ್ಲಿ ಕ್ಲಿಯರ್ ಆಗಿ ಕೇಳುತ್ತೆ" ಎನ್ನುವುದು ಮಾವನ ವಾದ. ಏರ್ ಶೋವನ್ನು ಕೇಳಲು ಹೋಗುವ ಸಂಸಾರ ಈ ಭೂಮಿಯ ಮೇಲೆ ಇನ್ನೊಂದು ಇದ್ದರೆ ನನಗೆ ತಿಳಿಸಿ!

ಆ ಭಾನುವಾರ ಮಡಚುವ ಕುರ್ಚಿಗಳು, ಚಿತ್ರಾನ್ನ, ಫ್ಲಾಸ್ಕಿನ ಕಾಫಿ, ಎಲ್ಲ ಇಳಿಸಿ ನೀರಿನ ಪಕ್ಕ ಕೂತೆವು. ಮಾವ ಫಾರ್ಮ್‌ನಲ್ಲಿದ್ದರು. ಪೈಲಟ್ ಹೇಳಿದ್ದನ್ನು ಕೇಳಿಸಿಕೊಂಡು ಮೊದಲೇ ಸಾರಿಬಿಡುತ್ತಿದ್ದರು. "ಈಗ ಬಲಗಡೆಯಿಂದ ಇಬ್ಬರು" ಎಂದರೆ ಬಲಗಡೆಯಿಂದ ಇಬ್ಬರು ಬರುತ್ತಿದ್ದರು. "ಈಗ ಮೇಲಕ್ಕೆ" ಎಂದರೆ ಮೇಲಕ್ಕೆ. ಸುತ್ತ ಜನ ಸೇರಿದರು, ಮಾವ ಕಾಮೆಂಟರಿಯನ್ನು ಇಂಗ್ಲಿಷಿಗೆ ಬದಲಾಯಿಸಿದರು. ಪಕ್ಕದ ಕುರ್ಚಿಯ ಸರ್ದಾರ್‌ಜಿಯೊಬ್ಬರು ವಿಮಾನ ನೋಡುವುದನ್ನು ಬಿಟ್ಟು ಮಾವನನ್ನೇ ನೋಡುತ್ತಾ, "ಕಮಾಲ್ ಹೈ ಭಾಯಿಸಾಬ್" ಎಂದರು. ಮಾವ ಅತ್ತೆಯ ಕಡೆ ತಿರುಗಿ ಹುಬ್ಬು ಹಾರಿಸಿದರು. ಅತ್ತೆ ಚಿತ್ರಾನ್ನದ ಡಬ್ಬಿಯ ಮುಚ್ಚಳ ಭದ್ರ ಮಾಡಿದರು.

ಕೊನೆಗೆ ನಾಲ್ಕು ವಿಮಾನಗಳ ತಂಡದ ಸರದಿ. ಎಲ್ಲರೂ ಮಾವನ ಮುಖ ನೋಡಿದರು. ಮಾವ ಕಣ್ಣು ಮುಚ್ಚಿ, ಇಯರ್‌ಫೋನನ್ನು ಒತ್ತಿ ಹಿಡಿದು ಕಾದರು. ವಿಮಾನಗಳು ಬಂದವು, ಹೋದವು. ಮಾವ ಏನೂ ಹೇಳಲಿಲ್ಲ. ವಾಲ್ಯೂಮ್ ಏರಿಸಿದರು. ಬ್ಯಾಟರಿ ಬದಲಾಯಿಸಿದರು. ಆಂಟೆನಾ ತಿರುಚಿದರು.

"ಬರೀ ಗುಜುಗುಜು. ಮಾತೇ ಇಲ್ಲ. ಡಬ್ಬಿ ಕೆಟ್ಟಿದೆ ಅನ್ಸುತ್ತೆ, ನೋಡು" ಎಂದು ಇಯರ್‌ಫೋನನ್ನು ನನ್ನ ಕೈಗೆ ಕೊಟ್ಟರು.

ಕಿವಿಗೆ ಇಟ್ಟವಳೇ ಬೆಚ್ಚಿ ತೆಗೆದೆ. ಅಷ್ಟು ಜೋರು, ಅಷ್ಟು ಸ್ಪಷ್ಟ. ತಂಡದ ಮುಂದಾಳು ಒಬ್ಬಳು ಹೆಂಗಸು. ತೆಳ್ಳಗಿನ, ನಿಧಾನದ ದನಿಯಲ್ಲಿ, ಎಡಕ್ಕೆ ತಿರುಗಿ, ಹೊಗೆ ಬಿಡಿ, ಹತ್ತಿರ ಬನ್ನಿ ಎಂದು ಉಳಿದ ಮೂವರಿಗೆ ಹೇಳುತ್ತಿದ್ದಳು. ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ನನ್ನ ಕೈಯಿಂದ ಅದನ್ನು ತೆಗೆದುಕೊಂಡು ತಮ್ಮ ಕಿವಿಗೆ ಇಟ್ಟುಕೊಂಡರು.

ಕರಾರು ಅತ್ತೆ ಗೆದ್ದಿದ್ದರು. ಇಷ್ಟು ತಿಂಗಳು ಕಾದಿದ್ದ ಮಾತನ್ನು ಈಗ ಆಡುತ್ತಾರೆ, ಅದೂ ಇಷ್ಟು ಜನರೆದುರು, ಎಂದು ನಾನು ತಲೆ ತಗ್ಗಿಸಿದೆ. ಅತ್ತೆ ಕುರ್ಚಿಯನ್ನು ಮಾವನ ಪಕ್ಕಕ್ಕೆ ಎಳೆದುಕೊಂಡು, ಅವರ ಕಿವಿಗೆ ಬಾಯಿ ಹಚ್ಚಿದರು. ಅಳು ತಡೆದು ತಡೆದು ಅವರ ದನಿ ದಪ್ಪಗಾಗಿತ್ತು.

"ಎಡಗಡೆ ತಿರುಗ್ತಾರಂತೆ ರೀ."

"ಲೆಫ್ಟ್ ಟರ್ನ್" ಎಂದು ಮಾವ ಸಾರಿದರು. ವಿಮಾನಗಳು ಎಡಕ್ಕೆ ತಿರುಗಿದವು.

"ಈಗ ಹೊಗೆ ಬಿಡ್ತಾರಂತೆ."

"ಸ್ಮೋಕ್" ಎಂದರು ಮಾವ. ಬಿಳಿ ಗೆರೆಗಳು ಎದ್ದವು. ಸರ್ದಾರ್‌ಜಿ ಚಪ್ಪಾಳೆ ತಟ್ಟಿದರು.

ಶೋ ಮುಗಿಯುವವರೆಗೂ ಹಾಗೇ ನಡೆಯಿತು. ಜನ ಎದ್ದು ಹೋದ ಮೇಲೆ ಮಾವ ಕೇಳಿದರು, "ಹಾಗಾದ್ರೆ ಡಬ್ಬಿ ಕೆಟ್ಟಿಲ್ಲ?"

"ಇಲ್ಲ ರೀ. ಲೀಡರು ಹೆಂಗಸು" ಎಂದು ಅತ್ತೆ ಅವರ ಕಿವಿಯ ಹತ್ತಿರವೇ ಹೇಳಿದರು.

ಮಾವ ಡಬ್ಬಿಯ ಸ್ವಿಚ್ ಆರಿಸಿ ತೊಡೆಯ ಮೇಲೆ ಇಟ್ಟುಕೊಂಡರು.

"ಮನೇಲಿ ನೀನು ನನ್ನ ಜೊತೆ ಮಾತಾಡ್ತಾನೇ ಇದ್ಯಾ?" ಎಂದು ಕೇಳಿದರು.

"ದಿನಾ ಮಾತಾಡ್ತಿದ್ದೆ. ಬೇಕಂತಲೇ ಕೇಳಿಸ್ಕೊಳ್ತಿಲ್ಲ ಅಂದ್ಕೊಂಡಿದ್ದೆ, ಮೊದಲು."

"ಆ ಟೆಸ್ಟಿನ ಜಗಳ ಬಿಟ್ರೆ ನೀನು ಮಾತೇ ಬಿಟ್ಟಿದೀಯ ಅಂದ್ಕೊಂಡಿದ್ದೆ ಕಣೇ ನಾನು. ಏನೋ ಬೇಜಾರಾಗಿದೆ, ಕೇಳಿದ್ರೆ ಇನ್ನೂ ಜಾಸ್ತಿ ಆಗುತ್ತೆ ಅಂತ ಕೇಳಲಿಲ್ಲ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಫ್ಲಾಸ್ಕ್ ತೊಳೆಯುವ ನೆಪದಲ್ಲಿ ಎದ್ದು ನಿಂತೆ.

"ನಾಳೆ ಬೆಳಿಗ್ಗೇನೇ ಹೋಗೋಣ ಟೆಸ್ಟಿಗೆ" ಎಂದರು ಮಾವ.

ಅತ್ತೆ ಅವರ ಕಿವಿಗೆ ಬಾಗಿದರು. "ನಾಳೆ ರಜ ರೀ. ಮಂಗಳವಾರವೇ ಇನ್ನು."

"ಸರಿ. ಅಲ್ಲೀವರೆಗೂ ಹೀಗೇ ಹತ್ತಿರ ಕೂತ್ಕೊಂಡು ಮಾತಾಡು. ಎಷ್ಟೋ ಬಾಕಿ ಇದೆ."