ಭಾವನ ಕುಂಟೆಗೆ ಕತ್ತರಿ

ಕರು ಟ್ರ್ಯಾಕ್ಟರಿನ ಸೀಟನ್ನು ತಿಂದದ್ದೇ ಎಲ್ಲಕ್ಕೂ ಮೂಲ. ಪೂರ್ತಿ ತಿಂದಿರಲಿಲ್ಲ, ಸ್ಪಂಜನ್ನು ತಿಂದು ಸ್ಪ್ರಿಂಗುಗಳನ್ನು ಬಿಟ್ಟಿತ್ತು. ಬೆಳಿಗ್ಗೆ ಹಾಲು ಕರೆಯಲು ಹೋದ ಹೆಂಡತಿ, ಕರುವಿನ ಬಾಯಿಂದ ಹಳದಿ ತುಂಡೊಂದನ್ನು ಎಳೆದು ತಂದು ಗಂಡನ ಮುಂದೆ ಹಿಡಿದಳು.

"ನೋಡಿ, ನಿಮ್ಮ ತಾತ ನನ್ನ ಕರುವನ್ನ ಕೊಲ್ಲೋಕೆ ಹೊರಟಿದಾನೆ."

ತಾತ ಎಂದರೆ ಟ್ರ್ಯಾಕ್ಟರು. ಗಂಡ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಊರಿಗೆಲ್ಲ ಅವನ ಹೆಸರೂ ಅದೇ. ಅವನು ಕೊಂಡಾಗಲೇ ಆ ಟ್ರ್ಯಾಕ್ಟರಿಗೆ ವಿಶ್ರಾಂತಿ ಪಡೆಯುವ ವಯಸ್ಸಾಗಿತ್ತು. ಈಗ ಕೊಟ್ಟಿಗೆಯ ಅರ್ಧ ಜಾಗ ಹಿಡಿದು ನಿಂತಿತ್ತು. ಕಾಂಪೌಂಡರ್ ದಿನವೂ ಅದನ್ನು ಒರೆಸುತ್ತಿದ್ದ. ಭಾನುವಾರ ಶುರುಮಾಡಿ, ಸಂಗೀತ ಕೇಳುವವನಂತೆ ಕಣ್ಣು ಮುಚ್ಚಿ ಅದರ ಸದ್ದು ಕೇಳಿ, ಮತ್ತೆ ನಿಲ್ಲಿಸುತ್ತಿದ್ದ. ಕೆಲಸವೊಂದನ್ನು ಮಾತ್ರ ಅದಕ್ಕೆ ಹೇಳಿದವನಲ್ಲ.

"ಸಂಜೆ ಗುಜರಿಯವನಿಗೆ ಬರೋಕೆ ಹೇಳಿದೀನಿ," ಎಂದಳು ಹೆಂಡತಿ.

ಕಾಂಪೌಂಡರ್ ಚಹಾದ ಲೋಟ ಕೆಳಗಿಟ್ಟ. "ಅದು ಕೆಲಸಕ್ಕೆ ಬರುತ್ತೆ ಕಣೇ."

"ಯಾವ ಕೆಲಸಕ್ಕೆ?"

ಅವನು ಸುತ್ತ ನೋಡಿದ. ಕೊಟ್ಟಿಗೆಯ ಹಿಂದಿನ ಹುಲ್ಲುಗಾವಲು ಕಣ್ಣಿಗೆ ಬಿತ್ತು. ದನ ತುಳಿದು ತುಳಿದು ನೆಲ ಬಿಗಿದುಹೋಗಿತ್ತು. ಬೋಳುತಲೆಯವನ ಕೂದಲಿನಂತೆ ಹುಲ್ಲು ಅಂಚಿನಲ್ಲಷ್ಟೇ ಉಳಿದಿತ್ತು.

"ಹುಲ್ಲುಗಾವಲು ಇದೆಯಲ್ಲ. ನೆಲಕ್ಕೆ ಮೇಲೆ ಮೇಲೆ ಗೀರು ಹಾಕಿ ಹೊಸ ಬೀಜ ಚೆಲ್ಲಿದ್ರೆ ಚಿಗುರುತ್ತೆ. ಇವತ್ತು ಹೇಗೂ ರಜ, ಡಿಸ್ಕ್ ಕುಂಟೆ ಕಟ್ಟಿ ಇವತ್ತೇ ಮಾಡ್ತೀನಿ."

ಹೆಂಡತಿ ಅವನ ಮುಖವನ್ನೇ ನೋಡಿದಳು. ಅವಳ ಮನಸ್ಸು ಅಷ್ಟು ಗಟ್ಟಿಯಲ್ಲ. "ಸರಿ. ಗುಜರಿಯವನು ಬರೋದ್ರೊಳಗೆ ಮುಗಿದ್ರೆ ನಿಮ್ಮ ತಾತ ಇರ್ಲಿ. ಇಲ್ದಿದ್ರೆ ಅವನ ಜೊತೆ ಹೋಗ್ಲಿ," ಎಂದು ಹಾಲಿನ ಕ್ಯಾನುಗಳನ್ನು ಏರಿಸಿಕೊಂಡು ಡೇರಿಗೆ ಹೊರಟಳು. ಮಧ್ಯಾಹ್ನದವರೆಗೂ ಅವಳಿಗೆ ಅಲ್ಲೇ ಕೆಲಸ.

ಡಿಸ್ಕ್ ಕುಂಟೆ ಇದ್ದದ್ದು ಕಾಂಪೌಂಡರನ ಅಕ್ಕನ ಗಂಡನ ಹತ್ತಿರ. ಫೋನು ಮಾಡಿದ ಸ್ವಲ್ಪ ಹೊತ್ತಿಗೆಲ್ಲ ಭಾವ ತನ್ನ ಹೊಸ ಟ್ರ್ಯಾಕ್ಟರಿನ ಹಿಂದೆ ಅದನ್ನು ಎತ್ತಿಕೊಂಡೇ ಬಂದು ಅಂಗಳದಲ್ಲಿಳಿಸಿದ. ಪರಾತದಷ್ಟು ಅಗಲದ ಉಕ್ಕಿನ ತಟ್ಟೆಗಳು, ಮುಂದೊಂದು ಸಾಲು, ಹಿಂದೊಂದು ಸಾಲು. ದೊಡ್ಡ ಮನೆಯ ನೆಂಟರಂತೆ ಕುಂಟೆ ಅಂಗಳದ ತುಂಬ ಕೂತಿತು.

"ನಿನ್ನ ಗಾಡಿ ಇದನ್ನ ಎಳೆಯುತ್ತೇನೋ?"

"ಎಳೆಯುತ್ತೆ ಭಾವ."

"ಸಂಜೆ ಬಂದು ತಗೊಂಡು ಹೋಗ್ತೀನಿ. ನಾಳೆಯಿಂದ ನನ್ನ ಹೊಲಕ್ಕೇ ಬೇಕು." ಭಾವ ಮಾತಿನಲ್ಲಿ ಒರಟ, ಕೈಯಲ್ಲಿ ಅಲ್ಲ. ಹೋಗುವಾಗ ಕೇಳದೆಯೇ ಒಂದು ಕ್ಯಾನು ಡೀಸೆಲ್ ಇಟ್ಟುಹೋದ.

ಮೊದಲ ತೊಡಕು ಕುಂಟೆಯನ್ನು ಸಿಕ್ಕಿಸುವುದರಲ್ಲೇ ಎದುರಾಯಿತು. ಟ್ರ್ಯಾಕ್ಟರಿನ ಹಿಂದೆ ಎರಡು ಕಬ್ಬಿಣದ ತೋಳುಗಳು. ಅವುಗಳ ತುದಿಯ ತೂತಿನಲ್ಲಿ ಕುಂಟೆಯ ಪಿನ್ನುಗಳು ಕೂರಬೇಕು. ತಾತನ ತೂತುಗಳು ಹಳೆಯ ಕಾಲದವು, ಕಿರಿದು. ಭಾವನ ಪಿನ್ನುಗಳು ಹೊಸ ಕಾಲದವು, ದಪ್ಪ. ಕಾಂಪೌಂಡರ್ ಸುತ್ತಿಗೆ ತಂದು ಬಡಿಯತೊಡಗಿದ. ಪಿನ್ನು ಒಳಗೆ ಹೋಗಲಿಲ್ಲ. ಅಕ್ಕಪಕ್ಕದವರು ಹೊರಗೆ ಬಂದರು.

ಒಬ್ಬ ಎದುರುಮನೆಯ ವೆಲ್ಡರ್. ಕಬ್ಬಿಣ ಕಂಡರೆ ಅವನಿಗೆ ಮಗುವಿನ ಮುಂದೆ ಮಿಠಾಯಿ ಇಟ್ಟಂತೆ. ಇನ್ನೊಬ್ಬರು ಪಕ್ಕದ ಮನೆಯ ಟೈಲರಮ್ಮ, ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು.

"ಬಡಿದ್ರೆ ಆಗಲ್ಲ ಸ್ವಾಮಿ," ಎಂದ ವೆಲ್ಡರ್. "ಈ ಪಿನ್ ಕತ್ತರಿಸಿ ಸಣ್ಣದು ಬೆಸೀತೀನಿ."

"ಅಯ್ಯೋ, ಭಾವನದ್ದು ಮಾರಾಯ."

"ಸಂಜೆ ಹಳೇದನ್ನೇ ಬೆಸೆದು ಕೊಟ್ರಾಯ್ತು. ನನ್ನ ಹಸು ಕರು ಹಾಕೋಕೆ ಕಷ್ಟಪಟ್ಟಾಗ ನೀವು ಬಂದು ಕೂತಿರ್ಲಿಲ್ವಾ? ಕೂಲಿ ಬೇಡ."

ಇಂಥ ಮಾತಿಗೆ ಬೇಡವೆನ್ನುವುದು ಹೇಗೆ? ಕಿಡಿ ಹಾರಿತು. ಭಾವನ ದಪ್ಪ ಪಿನ್ನುಗಳು ನೆಲಕ್ಕುರುಳಿದವು, ಸಣ್ಣವು ಬೆಸುಗೆಯಾದವು, ಕುಂಟೆ ಸಿಕ್ಕಿಕೊಂಡಿತು. ಕಾಂಪೌಂಡರ್ ಸ್ಪ್ರಿಂಗುಗಳ ಮೇಲೆ ಹುಷಾರಾಗಿ ಕೂತು ಕುಂಟೆ ಎತ್ತುವ ಲಿವರನ್ನು ಎಳೆದ.

ಕುಂಟೆ ಗೇಣಿನಷ್ಟು ಎದ್ದಿತು. ಅದರ ಜೊತೆಗೆ ಟ್ರ್ಯಾಕ್ಟರಿನ ಮುಂದಿನ ಗಾಲಿಗಳೂ ಎದ್ದವು. ತಿಂಡಿ ಬೇಡುವ ನಾಯಿಯ ಹಾಗೆ ತಾತ ಮುಂಗಾಲೆತ್ತಿ ನಿಂತ. ಕಾಂಪೌಂಡರನಿಗೆ ಹುಲ್ಲುಗಾವಲು ಮಾಯವಾಗಿ ಬರಿಯ ಆಕಾಶ ಕಾಣಿಸಿತು.

"ಇಳಿಸಿ, ಇಳಿಸಿ," ಎನ್ನುತ್ತ ವೆಲ್ಡರ್ ಬಾನೆಟ್ಟಿಗೆ ಜೋತುಬಿದ್ದ.

ಗಾಲಿಗಳು ದಡಕ್ಕನೆ ನೆಲಕ್ಕೆ ಬಂದ ಮೇಲೆ ಟೈಲರಮ್ಮ ಟೇಪು ತೆಗೆದು ಮೊದಲು ಟ್ರ್ಯಾಕ್ಟರನ್ನು, ಆಮೇಲೆ ಕುಂಟೆಯನ್ನು ಅಳೆದರು.

"ಅಂಗಿ ದೊಡ್ಡದಾಯ್ತು."

"ಇದೇನು ಅಂಗಿನಾ ಟೈಲರಮ್ಮ?"

"ಅಣ್ಣನ ಅಂಗೀನ ತಮ್ಮನಿಗೆ ಮಾಡಿಕೊಡೋದು ನನಗೆ ದಿನಾ ಇರೋ ಕೆಲಸ ಕಣಪ್ಪ. ಪಕ್ಕದಲ್ಲಿ ಒಂದಿಷ್ಟು ಹಿಡಿದ್ರೆ ಆಯ್ತು. ಕತ್ತರಿಸ್ಬೇಡಿ, ಬಿಚ್ಚಿಡಿ. ಸಂಜೆ ಮತ್ತೆ ಹೊಲಿದು ಕೊಟ್ರೆ ಅಣ್ಣನಿಗೆ ಗೊತ್ತೂ ಆಗಲ್ಲ."

ಬಿಸಿಲು ಏರುತ್ತಿತ್ತು, ಗುಜರಿಯವನು ಕಣ್ಣ ಮುಂದೆ ಬರುತ್ತಿದ್ದ. ಕಾಂಪೌಂಡರ್ ಸ್ಪ್ಯಾನರ್ ತಂದ. ಎರಡೂ ತುದಿಯಿಂದ ಒಂದೊಂದು ತಟ್ಟೆ ಬಿಚ್ಚಿದರು, ಗಾಲಿ ಎದ್ದಿತು. ಇನ್ನೊಂದೊಂದು ಬಿಚ್ಚಿದರು, ಆಗಲೂ ಎದ್ದಿತು. "ಹಿಂದಿನ ನೆರಿಗೆ ಯಾಕೆ ಬೇಕು?" ಎಂದರು ಟೈಲರಮ್ಮ. ಹಿಂದಿನ ಸಾಲೇ ಹೋಯಿತು. ತೆಗೆದ ತಟ್ಟೆಗಳನ್ನೂ ಪಿನ್ನುಗಳನ್ನೂ ಬೇಲಿಯ ಪಕ್ಕ ಒಪ್ಪವಾಗಿ ಪೇರಿಸಿದರು. ಕೊನೆಗೊಮ್ಮೆ ಕುಂಟೆ ಎದ್ದಿತು, ಗಾಲಿಗಳು ನೆಲದಲ್ಲೇ ಉಳಿದವು. ಟೈಲರಮ್ಮ ಒಂದು ಹೆಜ್ಜೆ ಹಿಂದೆ ಸರಿದು, ಅಂಗಿ ತೊಟ್ಟ ಹುಡುಗನನ್ನು ನೋಡುವಂತೆ ತಲೆ ಓರೆ ಮಾಡಿ ನೋಡಿದರು.

"ಈಗ ಕೂತಿತು."

ಅಷ್ಟರಲ್ಲಿ ಹೆಂಡತಿ ಡೇರಿಯಿಂದ ಬಂದಳು. ಕುಂಟೆಯ ಮೊದಲ ಗಾತ್ರವನ್ನು ಅವಳು ಕಂಡೇ ಇರಲಿಲ್ಲ. "ಇಷ್ಟೇ ಇಷ್ಟು ಪುಟ್ಟದಾ?" ಎಂದವಳು ಗಂಡ ಸ್ಪ್ರಿಂಗುಗಳ ಮೇಲೆ ಮುಖ ಕಿವುಚಿಕೊಂಡು ಕೂತದ್ದನ್ನು ನೋಡಿ, ಒಳಗಿಂದ ಕೌದಿ ತಂದು ಮಡಿಸಿ ಅವನಡಿಗೆ ಸರಿಸಿದಳು. ಆಮೇಲೆ ಬೀಜವನ್ನು ಸೆರಗಿಗೆ ಸುರಿದುಕೊಂಡು ಟ್ರ್ಯಾಕ್ಟರಿನ ಹಿಂದೆ ಹೊರಟಳು.

ತಾತ ಕೆಮ್ಮಿದ, ಹೊಗೆ ಬಿಟ್ಟ, ಆದರೆ ನಿಲ್ಲಲಿಲ್ಲ. ಉಳಿದ ನಾಲ್ಕಾರು ತಟ್ಟೆಗಳು ಹುಲ್ಲನ್ನು ಬುಡಮೇಲು ಮಾಡದೆ ನೆಲವನ್ನಷ್ಟೇ ಸಣ್ಣಗೆ ಸೀಳುತ್ತ ಹೋದವು. ಇಡೀ ಕುಂಟೆ ಎಳೆದಿದ್ದರೆ ಇದ್ದ ಹುಲ್ಲೂ ಮಣ್ಣಿನಡಿ ಹೋಗುತ್ತಿತ್ತು. ಈಗ ಹುಲ್ಲುಗಾವಲು ಎಣ್ಣೆ ಹಚ್ಚಿ ಬಾಚಿದ ತಲೆಯಂತೆ ಸಾಲು ಸಾಲಾಗಿ ಮಲಗಿತು. ಹೆಂಡತಿ ಬಾಗಿ ಗೀರಿನೊಳಗೆ ಬೆರಳಿಟ್ಟು ನೋಡಿದಳು. ತೇವವಿತ್ತು.

ಗೇಟಿನ ಹತ್ತಿರ ಹಾರನ್ ಕೇಳಿಸಿದಾಗ ಕೊನೆಯ ಸುತ್ತು ಉಳಿದಿತ್ತು. "ನೀವು ಮುಗಿಸಿ, ನಾನು ಅವನನ್ನ ಕಳಿಸಿ ಬರ್ತೀನಿ," ಎಂದು ಅವಳೇ ಹೋದಳು. ಮರಳಿ ಬಂದು ಬಿಸಿಯಾದ ಬಾನೆಟ್ಟಿನ ಮೇಲೆ ಕೈಯಿಟ್ಟಳು.

"ಪಾಪ, ಎಷ್ಟು ದಣಿದಿದಾನೆ. ನಮ್ಮ ತಾತ ಎಲ್ಲಿಗೂ ಹೋಗೋದು ಬೇಡ. ಗುಜರಿಯವನಿಗೆ ಹೇಳಿ ಕಳಿಸ್ದೆ."

ಕಾಂಪೌಂಡರ್ ಎಂಜಿನ್ ನಿಲ್ಲಿಸಿ ಕೆಳಗಿಳಿದ. "ಬೇಜಾರು ಮಾಡ್ಕೊಂಡ್ನಾ?"

"ಅಷ್ಟು ದೂರದಿಂದ ಬಾಡಿಗೆ ವ್ಯಾನ್ ತಂದಿದ್ದ. ಬರಿಗೈಲಿ ಹೇಗೆ ಕಳಿಸೋದು? ಬೇಲಿ ಪಕ್ಕ ಹಳೇ ತಟ್ಟೆ, ಪಿನ್ನು ಎಲ್ಲ ಬಿದ್ದಿದ್ವಲ್ಲ, ಅವನ್ನ ತಗೊಂಡು ಹೋಗಪ್ಪ ಅಂದೆ. ದುಡ್ಡೂ ಬೇಡ ಅಂದೆ. ಎಷ್ಟು ಖುಷಿಪಟ್ಟ ಗೊತ್ತಾ? ಕೈ ಮುಗಿದ."

ಕಾಂಪೌಂಡರ್ ಬೇಲಿಯತ್ತ ನೋಡಿದ. ತಟ್ಟೆಗಳಿದ್ದ ಜಾಗದಲ್ಲಿ ದುಂಡನೆಯ ಗುರುತಷ್ಟೇ ಇತ್ತು. ವೆಲ್ಡರನಿಗೆ ಅಂಗಡಿಯಲ್ಲೇನೋ ತುರ್ತು ಕೆಲಸ ನೆನಪಾಯಿತು. ಗುಜರಿಯವನ ಫೋನು ಹತ್ತಲಿಲ್ಲ. ಕೇಳಿಸಿದ್ದು ಭಾವನ ಟ್ರ್ಯಾಕ್ಟರಿನ ಸದ್ದು, ಅದೂ ತಿರುವಿನಲ್ಲೇ.

ಭಾವ ಇಳಿದು ಕುಂಟೆಯ ಸುತ್ತ ಒಂದು ಸುತ್ತು ಬಂದ. ಆಮೇಲೆ ಇನ್ನೊಂದು ಸುತ್ತು.

"ಇದು ಯಾರದ್ದು?"

"ನಿಮ್ಮದೇ ಭಾವ."

"ನನ್ನದು ಇಷ್ಟೇ ಇತ್ತಾ?"

"ಕೆಲವು ಒಗೆದ್ರೆ ಕುಗ್ಗುತ್ವೆ," ಎಂದರು ಟೈಲರಮ್ಮ, ಮೆಲ್ಲಗೆ.

ಕಾಂಪೌಂಡರ್ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಭಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುಂಟೆಯನ್ನು ತನ್ನ ಟ್ರ್ಯಾಕ್ಟರಿಗೆ ಸಿಕ್ಕಿಸಲು ನೋಡಿದ. ಸಣ್ಣ ಪಿನ್ನುಗಳು ದೊಡ್ಡ ತೂತಿನಲ್ಲಿ, ಸಡಿಲ ಬಳೆಯೊಳಗಿನ ಬಡಕಲು ಕೈಯಂತೆ, ಗಲಗಲ ಎಂದು ಹೊರಗೆ ಜಾರಿದವು.

"ನಾಳೆಗೆ ನನಗೆ ಕುಂಟೆ ಬೇಕೇ ಬೇಕು," ಎಂದ. ಮತ್ತೆ ತಾತನನ್ನು ನೋಡಿದ. "ಇದಕ್ಕೆ ಸರಿಯಾಗಿ ಕೂರುತ್ತಾ?"

ಬೇರೆ ಯಾರಾದರೂ ಈ ಪ್ರಶ್ನೆಗೆ ಸುಮ್ಮನಿರುತ್ತಿದ್ದರು. ಕಾಂಪೌಂಡರನ ಮುಖ ಅರಳಿತು. "ಹೇಳಿ ಮಾಡಿಸಿದ ಹಾಗೆ ಭಾವ. ಒಂದು ಚೂರೂ ಅಲ್ಲಾಡಲ್ಲ. ಹುಲ್ಲುಗಾವಲು ನೋಡಿ ಬೇಕಾದ್ರೆ."

ಭಾವ ನೋಡಿದ, ತಲೆದೂಗಿದ. "ಒಳ್ಳೇ ಜೋಡಿ. ಹಾಗಾದ್ರೆ ಎರಡನ್ನೂ ನಮ್ಮಲ್ಲಿಗೆ ಹೊಡಿ. ಹೊಸ ತಟ್ಟೆ ಬರೋವರೆಗೂ ಇದರಲ್ಲೇ ಹರಗೋಣ. ಇಷ್ಟು ಚಿಕ್ಕದರಲ್ಲಿ ನನ್ನ ಹೊಲ ಮುಗಿಯೋದು ಯಾವಾಗಲೋ."

"ಎರಡನ್ನೂ?"

"ಮೂರನ್ನೂ. ಈ ಗಾಡಿ ನಿನ್ನ ಕೈಗಲ್ಲದೆ ಬೇರೆಯವರಿಗೆ ಬಗ್ಗುತ್ತಾ? ಆಸ್ಪತ್ರೆಗೆ ನಾನೇ ಫೋನ್ ಮಾಡಿ ರಜ ಹೇಳ್ತೀನಿ. ನಿಮ್ಮಕ್ಕ ರೊಟ್ಟಿಗೆ ಕೊರತೆ ಮಾಡಲ್ಲ, ನಡಿ."

ಹೆಂಡತಿ ಅವನ ಬಟ್ಟೆಯ ಚೀಲ ತಂದು ಮಡ್‌ಗಾರ್ಡಿಗೆ ಕಟ್ಟಿದಳು. ಟೈಲರಮ್ಮ ಗೇಟು ತೆರೆದು ಹಿಡಿದರು. ಭಾವನ ಟ್ರ್ಯಾಕ್ಟರಿನ ಧೂಳು ಕುಡಿಯುತ್ತ, ಕೆಮ್ಮುವ ತಾತನ ಮೇಲೆ ಕುಲುಕುತ್ತ ಕಾಂಪೌಂಡರ್ ರಸ್ತೆಗಿಳಿದ. ತಿರುವು ದಾಟುವಾಗ ಅವನಿಗೆ ಹೊಳೆಯಿತು: ಗುಜರಿಯವನಾಗಿದ್ದರೆ ಟ್ರ್ಯಾಕ್ಟರನ್ನಷ್ಟೇ ಒಯ್ಯುತ್ತಿದ್ದ.