ನಲವತ್ತು ನಕ್ಷತ್ರ

ಸ್ಟೇಷನರಿ ಅಂಗಡಿಯಲ್ಲಿ ಹಾಳೆಗೆ ನೂರರಂತೆ ಸಿಗುವ ಹೊಂಬಣ್ಣದ ನಕ್ಷತ್ರಗಳು ತನ್ನ ಪಾಲಿಗೆ ಶನಿಯಾಗುತ್ತವೆಂದು ಮೊದಲೇ ಗೊತ್ತಿದ್ದರೆ ಪಿಯಾನೋ ಮೇಷ್ಟ್ರು ಅವತ್ತು ಒಂದು ಪೆನ್ಸಿಲ್ ಕೊಂಡು ಸುಮ್ಮನೆ ಮನೆಗೆ ಬರುತ್ತಿದ್ದರು.

ದರ್ಜಿ ಅಂಗಡಿಯ ಮೇಲಿನ ಮನೆಯ ಹಾಲಿನಲ್ಲಿ ಅವರು ಹದಿನೈದು ವರ್ಷದಿಂದ ಮಕ್ಕಳಿಗೆ ಪಿಯಾನೋ ಹೇಳಿಕೊಡುತ್ತಿದ್ದರು. ಒಂದು ಕಾಲದಲ್ಲಿ ಇಪ್ಪತ್ತು ಮಕ್ಕಳಿದ್ದರು. ಈಗ ಉಳಿದವರು ನಾಲ್ಕೇ: ಇಬ್ಬರು ಅವಳಿ ಗಂಡುಹುಡುಗರು, ಸದಾ ಆಕಳಿಸುವ ಇನ್ನೊಬ್ಬ, ಎದುರು ಮನೆಯ ಹುಡುಗಿ ಗುಬ್ಬಿ. ಇತ್ತ ಹೆಂಡತಿಯ ಅಣ್ಣ ತನ್ನ ಟೈಲ್ಸ್ ಅಂಗಡಿಯಲ್ಲಿ ಮೇಷ್ಟ್ರಿಗೆಂದೇ ಒಂದು ಕುರ್ಚಿ ಒರೆಸಿಟ್ಟು ಕಾಯುತ್ತಿದ್ದ. ಬಚ್ಚಲಿಗೆ ಯಾವ ಕಲ್ಲು, ಅಡುಗೆಮನೆಗೆ ಯಾವುದು ಎಂದು ಗಿರಾಕಿಗಳಿಗೆ ತೋರಿಸುವ ಕೆಲಸ. ಆ ಕುರ್ಚಿಯಲ್ಲಿ ಕೂರಬೇಕಾದೀತೆಂದು ಮೇಷ್ಟ್ರಿಗೆ ಭಯ.

ಆ ಭಯಕ್ಕೇ ಅವರು ಫೋನಿನಲ್ಲಿ 'ಮನೆಯಲ್ಲಿ ಪಿಯಾನೋ ಕಲಿಸುವವರಿಗೆ ನೂರೊಂದು ಮೋಜಿನ ಉಪಾಯಗಳು' ಎಂಬುದನ್ನು ಹುಡುಕಿ ಓದಿದ್ದು. ಉಪಾಯ ಏಳರಂತೆ ಹಾಲಿನ ನೆಲದ ಮೇಲೆ ಕಪ್ಪು ಬಿಳಿ ಟೇಪು ಅಂಟಿಸಿ ಬಾಗಿಲಿಂದ ಕಿಟಕಿಯವರೆಗೆ ಪಿಯಾನೋದ ಕೀಗಳಂಥ ಮನೆಗಳನ್ನು ಮಾಡಿದರು. ಮಕ್ಕಳು ಹೇಳಿದ ಸ್ವರದ ಮೇಲೆ ಹಾರಬೇಕು. ಉಪಾಯ ಹನ್ನೆರಡರಂತೆ ಬಾಟಲಿಗಳಲ್ಲಿ ಬಣ್ಣದ ನೀರು ತುಂಬಿ ಚಮಚದಿಂದ ಬಡಿಯುವ ಸ್ವರಗಳನ್ನು ತಯಾರಿಸಿದರು; ಮೊದಲ ದಿನವೇ ಅವಳಿಗಳಲ್ಲಿ ಒಬ್ಬ ಎರಡು ಸ್ವರ ಕುಡಿದುಬಿಟ್ಟ. ಉಪಾಯ ನಲವತ್ತೊಂದು, ನಕ್ಷತ್ರದ ಪಟ್ಟಿ. ಮನೆಯಲ್ಲಿ ಅರ್ಧ ಗಂಟೆ ಅಭ್ಯಾಸ ಮಾಡಿ, ಹಿರಿಯರಿಂದ ಸಹಿ ಹಾಕಿಸಿಕೊಂಡು ಬಂದರೆ ಒಂದು ನಕ್ಷತ್ರ. ಹತ್ತಕ್ಕೆ ಪೆನ್ಸಿಲ್, ಇಪ್ಪತ್ತಕ್ಕೆ ರಬ್ಬರ್. ನಲವತ್ತಕ್ಕೆ, 'ಒಂದು ದಿನ ಮೇಷ್ಟ್ರ ಕುರ್ಚಿಯಲ್ಲಿ ಕೂತು ನೀವೇ ಮೇಷ್ಟ್ರು!' ನಲವತ್ತರವರೆಗೆ ಯಾರೂ ಬರುವುದಿಲ್ಲವೆಂಬ ಧೈರ್ಯದಲ್ಲಿ ಅವರು ಅದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದರು.

ಗುಬ್ಬಿ ಬಂದಳು. ನಲವತ್ತು ದಿನದಲ್ಲಿ ಒಂದು ದಿನವೂ ತಪ್ಪದೆ ನಲವತ್ತು ಸಹಿ. ಎಲ್ಲ ಸಹಿಯೂ ಅವಳ ಅಜ್ಜಿಯದು. ಮೇಷ್ಟ್ರಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಹಾಗಾಗಿ ಅವಳಿಗಳ ತಾಯಿ ಹಿಂದಿನ ವಾರ ಬಂದು, "ಸರ್, ಮಕ್ಳು ನೆಗೀತಾರೆ, ಕುಣೀತಾರೆ, ಎಲ್ಲಾ ಸರಿ. ಒಂದ್ ಮಗು ಒಂದ್ ಹಾಡು ಪೂರ್ತಿ ನುಡಿಸೋದನ್ನ ನಾನ್ ನೋಡ್ಬೇಕು. ಇಲ್ದಿದ್ರೆ ಈಜು ಕಲಿಯೋಕೆ ಸೇರಿಸ್ತೀನಿ" ಎಂದಾಗ ಮೇಷ್ಟ್ರು ಎದೆಯುಬ್ಬಿಸಿ ಹೇಳಿದ್ದರು: "ಭಾನುವಾರ ಸಂಜೆ ನಾಲ್ಕಕ್ಕೆ ಬನ್ನಿ. ಗುಬ್ಬಿ ನುಡಿಸ್ತಾಳೆ." ಅವಳಿಗಳು ಹೋದರೆ ಆಕಳಿಸುವವನೂ ಹೋಗುತ್ತಾನೆ. ಆಮೇಲೆ ಕಾಯುತ್ತಿರುವುದು ಟೈಲ್ಸ್ ಕುರ್ಚಿಯೇ.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಪಿಯಾನೋದ ಮೇಲಿದ್ದ ಬಾಟಲಿ, ಬಹುಮಾನದ ಡಬ್ಬಿ, ಟೇಪಿನ ಸುರುಳಿ ಎಲ್ಲ ಇಳಿಸಿ ಮುಚ್ಚಳ ತೆಗೆದರು. ಆಗಲೇ ಅವರಿಗೆ ಹೊಳೆದದ್ದು, ಆಟದ ಭರಾಟೆಯಲ್ಲಿ ಒಂದೂವರೆ ತಿಂಗಳಿಂದ ಈ ಮುಚ್ಚಳವನ್ನು ಯಾರೂ ತೆಗೆದೇ ಇಲ್ಲ. ಸಂದಿನಲ್ಲಿ ಇಳಿದ ಕೆಂಪು ನೀರು ಒಣಗಿ ನಟ್ಟನಡುವಿನ ಬಿಳಿ ಮನೆ ಅಂಟಿಕೊಂಡಿತ್ತು. ಒತ್ತಿದರೆ, ಬೇಡದ ನೆಂಟನ ಹಾಗೆ ಕೂತದ್ದು ಮೇಲೇಳಲೇ ಇಲ್ಲ.

ಅಷ್ಟರಲ್ಲಿ ಕೆಳಗಿನ ದರ್ಜಿ ಕುತ್ತಿಗೆಯಲ್ಲಿ ಅಳತೆ ಟೇಪು ನೇತುಹಾಕಿಕೊಂಡು ಹತ್ತಿ ಬಂದ.

"ಮೇಷ್ಟ್ರೇ, ಇವತ್ತೂ ಹಾರಿಸ್ತೀರಾ? ನಿನ್ನೆ ನಿಮ್ಮ ಅವಳಿಗಳು ನೆಗೆದ ಏಟಿಗೆ ಒಂದು ಕಾಲರ್ ತೋಳಿಗೆ ಹೋಗಿ ಕೂತಿದೆ. ಗಿರಾಕಿ ಬಂದ್ರೆ ಹೊಸ ಫ್ಯಾಷನ್ ಅಂತ ನೀವೇ ಹೇಳಿ."

"ಅಯ್ಯೋ, ಅದಿರ್ಲಿ. ಇಲ್ನೋಡಿ, ಇದು ಏಳ್ತಾನೇ ಇಲ್ಲ!"

ಕೆಟ್ಟ ಯಂತ್ರ ಕಂಡರೆ ದರ್ಜಿಗೆ ಸಿಟ್ಟು ಮರೆತುಹೋಗುತ್ತದೆ. ಓಡಿಹೋಗಿ ಹೊಲಿಗೆ ಯಂತ್ರದ ಎಣ್ಣೆ ತಂದು ಬಿಟ್ಟ. ಮನೆ ಇನ್ನಷ್ಟು ಆರಾಮಾಗಿ ಕೂತಿತು. ಕೊನೆಗೆ ಅದರ ತುದಿಗೆ ಎಲಾಸ್ಟಿಕ್ ಅಂಟಿಸಿ ಮೇಲಿನ ಹಲಗೆಗೆ ಕಟ್ಟಿದ. ಒತ್ತಿದರೆ ಇಳಿಯಿತು, ಬಿಟ್ಟರೆ ಎದ್ದಿತು.

"ಪೈಜಾಮದ್ದು. ಹತ್ತು ವರ್ಷ ಗ್ಯಾರಂಟಿ," ಎಂದ ದರ್ಜಿ. "ಎದುರು ಮನೆ ಹುಡುಗಿ ನುಡಿಸ್ತಾಳಂತಲ್ಲ? ಚೆನ್ನಾಗಿ ನುಡಿಸ್ತಾಳೆ ಮೇಷ್ಟ್ರೇ. ದಿನಾ ಮಧ್ಯಾಹ್ನ ಎರಡು ಗಂಟೆಗೆ ಶುರುವಾಗುತ್ತೆ. ಅದನ್ನ ಕೇಳ್ಕೊಂಡೇ ನಾನು ಕಾಜ ಹಾಕೋದು."

ಮಧ್ಯಾಹ್ನ ಎರಡಕ್ಕೆ ಮೇಷ್ಟ್ರು ಊಟದ ನಿದ್ದೆಯಲ್ಲಿರುತ್ತಾರೆ, ಗುಬ್ಬಿ ಶಾಲೆಯಲ್ಲಿರುತ್ತಾಳೆ. ಆದರೆ ಹೊಗಳಿಕೆ ಕೇಳುವಾಗ ಗಡಿಯಾರ ನೋಡುವ ಮನುಷ್ಯ ಯಾರಿದ್ದಾನೆ? ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು.

"ರೀ, ಅಣ್ಣ ಫೋನ್ ಮಾಡಿದ್ದ," ಅಡುಗೆಮನೆಯಿಂದ ಹೆಂಡತಿ ಕೂಗಿದರು. "ನಾಳೆಯಿಂದ ಬರ್ತೀರಾ ಅಂತ ಕೇಳ್ತಿದಾನೆ."

"ಸಂಜೆ ಆಗ್ಲಿ, ನಾನೇ ಉತ್ತರ ಕೊಡ್ತೀನಿ ಅಂತ ಹೇಳು!"

ನಾಲ್ಕಕ್ಕೆ ಎಲ್ಲರೂ ಬಂದರು. ಅವಳಿಗಳ ತಾಯಿ ಪರೀಕ್ಷೆ ನಡೆಸಲು ಬಂದವರಂತೆ ಮುಂದೆ ಕೂತರು. ಆಕಳಿಸುವವನ ತಾಯಿ ಅವನ ಪಕ್ಕ ಕೂತು ಅವನಿಗಿಂತ ದೊಡ್ಡದಾಗಿ ಆಕಳಿಸಿದರು. ದರ್ಜಿ ಬಾಗಿಲಿಗೆ ಒರಗಿ ನಿಂತ. ಗುಬ್ಬಿಯ ಅಜ್ಜಿ ಎಂದಿನಂತೆ ಮೂಲೆಯ ಬೆತ್ತದ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ಮೊಮ್ಮಗಳನ್ನು ಕರೆತಂದು, ಪಾಠ ಮುಗಿಯುವ ತನಕ ಹಾಗೆ ನಿದ್ದೆ ಮಾಡಿ, ಕರೆದುಕೊಂಡು ಹೋಗುವುದು ಅವರ ಎಂಟು ತಿಂಗಳ ಪರಿಪಾಠ.

ಮೊದಲು ಅವಳಿಗಳ ನೆಲದ ಪಿಯಾನೋ. ಮೇಷ್ಟ್ರು ಸ್ವರ ಹೇಳಿದರು, ಇಬ್ಬರೂ ಒಂದೇ ಮನೆಗೆ ಹಾರಿದರು. ತಲೆಗೆ ತಲೆ ಢಿಕ್ಕಿ ಹೊಡೆಯಿತು. ಟೇಪು ಕಿತ್ತು ಒಬ್ಬನ ಕಾಲಿಗೆ ಸುತ್ತಿಕೊಂಡಿತು, ಅವನು ಇನ್ನೊಬ್ಬನನ್ನು ಹಿಡಿದುಕೊಂಡ, ಇಬ್ಬರೂ ಕೂಡಿ ಬಾಟಲಿಗಳ ಸಾಲಿನ ಮೇಲೆ ಬಿದ್ದರು. ಏಳೂ ಸ್ವರ ಒಟ್ಟಿಗೆ ಹಾಲಿನ ತುಂಬ ಹರಿದವು.

"ಸರ್, ಇದು ಪಿಯಾನೋನಾ, ಕುಸ್ತಿನಾ?" ಅವಳಿಗಳ ತಾಯಿ ಕಾಲು ಮೇಲೆತ್ತಿಕೊಂಡು ಕೇಳಿದರು.

"ಇದು ಬರೀ ಪೀಠಿಕೆ ಮೇಡಂ. ಗುಬ್ಬೀ, ಬಾಮ್ಮಾ. ನಲವತ್ತು ನಕ್ಷತ್ರದ ರಾಣಿ!"

ಗುಬ್ಬಿ ಬಂದು ಪಿಯಾನೋ ಮುಂದೆ ಕೂತಳು. ಕೈ ತೊಡೆಯ ಮೇಲಿಟ್ಟಳು. ಎಲ್ಲರೂ ಮುಂದಕ್ಕೆ ಬಾಗಿದರು. ಆಕಳಿಸುವವನೂ ಅರ್ಧಕ್ಕೆ ಬಾಯಿ ನಿಲ್ಲಿಸಿದ.

"ಶುರು ಮಾಡಮ್ಮಾ."

"ನಂಗೆ ಬರಲ್ಲ ಸರ್."

"ಹೆದರ್ಕೋಬೇಡ. ಮನೇಲಿ ನುಡಿಸಿದ ಹಾಗೇ ನುಡಿಸು."

"ಮನೇಲಿ ನಾನ್ ನುಡಿಸಲ್ಲ. ಅಜ್ಜಿ ನುಡಿಸ್ತಾರೆ."

ಚೆಲ್ಲಿದ ನೀರು ಆಗಲೇ ಸೋಫಾದ ಕೆಳಗೆ ಹರಿಯುತ್ತಿತ್ತು. ಮೇಷ್ಟ್ರು ಪಿಯಾನೋ ಪಕ್ಕದ ತಮ್ಮ ಕುರ್ಚಿಯಲ್ಲೇ ಮೂಲೆಗೆ ತಿರುಗಿದರು. ಅಜ್ಜಿ ಕಣ್ಣು ತೆರೆದಿದ್ದರು.

"ಏನಪ್ಪಾ ಹಾಗ್ ನೋಡ್ತೀಯ? ಮಗು ಶಾಲೆಯಿಂದ ಸುಸ್ತಾಗಿ ಬರುತ್ತೆ. ಆ ಕೀಬೋರ್ಡು ಧೂಳು ಹಿಡೀತಾ ಬಿದ್ದಿತ್ತು. ನಂಗೂ ಮಧ್ಯಾಹ್ನ ಹೊತ್ತು ಹೋಗ್ತಿರಲಿಲ್ಲ. ನಾನೇ ನುಡಿಸಿದೆ, ನಾನೇ ಸಹಿ ಹಾಕ್ದೆ. ಒಂದಾದ್ರೂ ಸುಳ್ಳು ಸಹಿ ಇದೆಯೇನು ನೋಡು!"

"ಆದ್ರೆ... ನಿಮಗೆ ಯಾರಮ್ಮಾ ಹೇಳಿಕೊಟ್ರು?"

"ನೀನೇ. ಎಂಟು ತಿಂಗಳಿಂದ ಇಲ್ಲೇ ಕೂತು ಕೇಳ್ತಿದೀನಲ್ಲ. ಕಣ್ಣು ಮುಚ್ಚಿದ್ರೆ ಕಿವಿನೂ ಮುಚ್ಚುತ್ತೇನಪ್ಪಾ?"

ಅಜ್ಜಿ ಸೀರೆಯ ನೆರಿಗೆ ಎತ್ತಿ ಹಿಡಿದು, ಚೆಲ್ಲಿದ ಸ್ವರಗಳನ್ನು ದಾಟಿ ಬಂದರು. ಗುಬ್ಬಿಯನ್ನು ಪಕ್ಕಕ್ಕೆ ಸರಿಸಿ ಕೂತರು. ನುಡಿಸಿದರು. ಎರಡನೇ ಸಾಲಿಗೆ ಹತ್ತು ವರ್ಷ ಗ್ಯಾರಂಟಿಯ ಎಲಾಸ್ಟಿಕ್ ಚಟ್ಟೆಂದು ಕಿತ್ತು ಮೇಷ್ಟ್ರ ಮೂಗಿಗೆ ಬಡಿಯಿತು. ಅಜ್ಜಿ ನಿಲ್ಲಿಸಲಿಲ್ಲ. ಕೂತ ಮನೆಯನ್ನು ಪ್ರತಿ ಸಲವೂ ಕಿರುಬೆರಳಿನಿಂದ ಎಬ್ಬಿಸಿ, ಮತ್ತೆ ಒತ್ತಿ, ಹಾಡನ್ನು ಕೊನೆಯವರೆಗೂ ತಂದು ನಿಲ್ಲಿಸಿದರು.

"ಇದೇ! ಎರಡು ಗಂಟೆದು ಇದೇ!" ದರ್ಜಿ ಬಾಗಿಲಲ್ಲಿ ಕುಣಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಮೂಗು ಹಿಡಿದುಕೊಂಡೇ ತಟ್ಟಲು ನೋಡಿದರು. ಹದಿನೈದು ವರ್ಷದಲ್ಲಿ ಅವರ ಯಾವ ವಿದ್ಯಾರ್ಥಿಯೂ ಇಷ್ಟು ಶುದ್ಧವಾಗಿ ನುಡಿಸಿರಲಿಲ್ಲ. ಆ ಖುಷಿಯಲ್ಲಿ ಅವರು ಮಾಡಬಾರದ ಕೆಲಸ ಮಾಡಿದರು. ಪಟ್ಟಿ ಎತ್ತಿ ಹಿಡಿದು, "ಹಾಗಾದ್ರೆ ನಲವತ್ತು ನಕ್ಷತ್ರ ಅಜ್ಜಿಯದೇ!" ಎಂದು ಘೋಷಿಸಿದರು.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಕೆಂಪು ಶಾಯಿಯ ಸಾಲನ್ನು ಓದಿದರು. "ಒಂದು ದಿನ ನಾನೇ ಮೇಷ್ಟ್ರು ಅಂತಿದೆ. ಇವತ್ತೇ ಆಗಿಬಿಡ್ಲಿ. ಎದ್ದೇಳಪ್ಪಾ, ಆ ಕುರ್ಚಿ ಇತ್ಲಾಗ್ ಕೊಡು."

ಮಾತು ಕೊಟ್ಟ ಮೇಲೆ ಇಲ್ಲವೆನ್ನುವುದು ಹೇಗೆ? ಮೇಷ್ಟ್ರು ಕುರ್ಚಿ ಕೊಟ್ಟರು. ಕೂರಲು ಬೇರೆ ಜಾಗವಿಲ್ಲದೆ ಮಕ್ಕಳ ಪುಟ್ಟ ಸ್ಟೂಲಿನ ಮೇಲೆ, ಮಂಡಿ ಗದ್ದಕ್ಕೆ ತಾಗುವಂತೆ ಕೂತರು.

"ಏಯ್ ಜೋಡಿ, ಇಲ್ ಬನ್ರೋ," ಅಜ್ಜಿ ಅವಳಿಗಳನ್ನು ಕರೆದರು. "ಹಾರಾಟ ಬೀದೀಲಿ. ಇಲ್ಲಿ ಬೆರಳು. ಒಬ್ಬ ಎಡಗೈ, ಒಬ್ಬ ಬಲಗೈ. ಜಗಳ ಆಡಿದ್ರೆ ಇಬ್ಬರದೂ ಕಿವಿ." ಮುಕ್ಕಾಲು ಗಂಟೆಯಲ್ಲಿ ಅವಳಿಗಳು ಇಬ್ಬರೂ ಸೇರಿ ನಾಲ್ಕು ಸಾಲು ನುಡಿಸಿದರು. ಗುಬ್ಬಿ ಎರಡು ಸಾಲು. ಆಕಳಿಸುವವನು ಒಂದೇ ಸಾಲು ನುಡಿಸಿದರೂ ಒಮ್ಮೆಯೂ ಆಕಳಿಸಲಿಲ್ಲ.

ಅವಳಿಗಳ ತಾಯಿ ಎದ್ದು ಬಂದಾಗ ಮೇಷ್ಟ್ರು ಸ್ಟೂಲಿನಿಂದ ಅರ್ಧ ಮೇಲೆದ್ದರು.

"ಈಜು ಕ್ಯಾನ್ಸಲ್," ಎಂದರು ಆಕೆ.

"ಥ್ಯಾಂಕ್ಸ್ ಮೇಡಂ! ನಾಳೆಯಿಂದ ನಾನು..."

ಆಕೆ ಮಾತಾಡುತ್ತಿದ್ದದ್ದು ಅವರ ತಲೆಯ ಮೇಲಿಂದ ಅಜ್ಜಿಯ ಜತೆ. "ಅಮ್ಮಾ, ನಾಳೆಯಿಂದ ನೀವೇ ಅಲ್ವಾ? ನಮ್ಮಕ್ಕನ ಮಗಳನ್ನೂ ಕಳಿಸ್ತೀನಿ."

"ನನ್ನ ಮೊಮ್ಮಗಳನ್ನೂ ಕಳಿಸ್ತೀನಿ," ಎಂದ ದರ್ಜಿ.

ಅಜ್ಜಿ ಒಂದು ಗಳಿಗೆ ಯೋಚಿಸಿದರು. "ನಮ್ಮನೇಲಿ ಜಾಗ ಇಲ್ಲ. ಇಲ್ಲೇ ಮಾಡೋಣ. ಪಾಪ, ಇವನೂ ಇರ್ಲಿ. ಬಾಟಲಿ ತೊಳೆಯೋಕೆ, ಆ ಟೇಪು ಕೀಳೋಕೆ ಯಾರಾದ್ರೂ ಬೇಕಲ್ಲ." ಹೊರಡುವಾಗ ಅವರು ನಕ್ಷತ್ರದ ಹಾಳೆಯಿಂದ ಒಂದನ್ನು ಕಿತ್ತು ಮೇಷ್ಟ್ರ ಅಂಗಿಯ ಜೇಬಿನ ಮೇಲೆ ಅಂಟಿಸಿದರು. "ಇವತ್ತು ಗಲಾಟೆ ಮಾಡ್ದೆ ಕೂತಿದ್ದೆ. ಒಳ್ಳೆ ಹುಡುಗ." ಉಳಿದ ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದರು.

ಮೇಷ್ಟ್ರು ಸ್ಟೂಲಿನ ಮೇಲೆಯೇ ಇದ್ದರು. ಹೆಂಡತಿ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಬಂದರು. "ರೀ, ಮತ್ತೆ ಅಣ್ಣ. ಕುರ್ಚಿ ಇನ್ನೂ ಖಾಲಿ ಇದೆಯಂತೆ. ಏನ್ ಹೇಳ್ಲಿ?"

ಮೇಷ್ಟ್ರು ಜೇಬಿನ ಮೇಲಿನ ನಕ್ಷತ್ರ ಸವರಿಕೊಂಡು, ಅಂಚು ಏಳದ ಹಾಗೆ ಒತ್ತಿದರು.

"ಸ್ವಲ್ಪ ದಿನ ತಡಿಯೋಕೆ ಹೇಳು," ಎಂದರು. "ನನ್ನ ಕುರ್ಚಿ ನಂಗೆ ವಾಪಸ್ ಸಿಗೋಕೆ ಇನ್ನು ಮೂವತ್ತೊಂಬತ್ತು ಸಾಕು."