ಕತ್ತು ತಿರುಗಿಸಿದ ಕಿಟಕಿಗಳು

ನಮ್ಮ ಸೋದರಮಾವನ ಜೊತೆ ಮದುವೆಯೂಟಕ್ಕೆ ಮಾತ್ರ ಹೋಗಬಾರದು! ಎಲೆ ಮುಂದೆ ಕೂತವರು ಪಾಯಸ ನೋಡಬೇಕೋ, ಕಿಟಕಿ ನೋಡಬೇಕೋ? ಇವರು ಕಿಟಕಿಯನ್ನೇ ನೋಡುತ್ತಾರೆ. ಪಶ್ಚಿಮಕ್ಕೆ ಇಷ್ಟಗಲ ಗಾಜು ಇಟ್ಟವನನ್ನು ಇಲ್ಲೇ ಕೂರಿಸಿ ಬಿಸಿ ಸಾರು ಬಡಿಸಬೇಕೆಂದು ಗೊಣಗುತ್ತಾರೆ. ಕಟ್ಟಡಗಳ ನಕ್ಷೆ ಬರೆಯುವುದು ಅವರ ವೃತ್ತಿ. ಬೇರೆಯವರು ಕಟ್ಟಿದ್ದನ್ನು ಬೈಯುವುದು ಪ್ರವೃತ್ತಿ.

ಇಂಥವರು ಸರಸ್ವತಿಪುರಂನ ತಮ್ಮ ಮನೆಯೆದುರೇ ಏಳಲಿದ್ದ ಹನ್ನೆರಡು ಅಂತಸ್ತಿನ ಅಪಾರ್ಟ್‌ಮೆಂಟಿಗೆ ನಕ್ಷೆ ಬರೆಯಲು ಒಪ್ಪಿಕೊಂಡುಬಿಟ್ಟರು! ಅತ್ತೆಗೆ ಸಿಟ್ಟು ಬಂದದ್ದು ನ್ಯಾಯವೇ. ಮಂಡಿನೋವಿನಿಂದ ಬೆಟ್ಟ ಹತ್ತುವುದು ನಿಂತ ಮೇಲೆ, ಬೆಳಗ್ಗೆ ಹೇಗೋ ತಾರಸಿಗೆ ಹೋಗಿ, ಅಲ್ಲಿನ ತುಳಸಿಕಟ್ಟೆಯ ಬಳಿಯಿಂದಲೇ ಚಾಮುಂಡಿಗೆ ಕೈಮುಗಿಯುವುದು ಅವರ ನೇಮ. ಅದಕ್ಕೂ ಗಂಡನೇ ಗೋಡೆ ಅಡ್ಡ ಹಾಕುವುದೇ? ಅತ್ತೆ ಜಗಳವಾಡಲಿಲ್ಲ. ಮಾವನ ಎರಡನೇ ಲೋಟ ಕಾಫಿ ನಿಲ್ಲಿಸಿದರು, ಅಷ್ಟೇ.

ಮಾವ ಬಗ್ಗಲಿಲ್ಲ. ಯಾವ ಗೋಡೆಗೆ ಎಷ್ಟು ಬಿಸಿಲೆಂದು ಹೇಳಲು ಕಂಪ್ಯೂಟರ್ ಇತ್ತು. ಅದನ್ನು ಯಾರು ನಂಬುತ್ತಾರೆ! ಸೈಟಿನಲ್ಲಿ ನಾಲ್ಕು ದಿಕ್ಕಿಗೂ ಹಲಗೆ ನಿಲ್ಲಿಸಿ, ಒಂದೊಂದರ ಮುಂದೆಯೂ ಅತ್ತೆಯ ಹಸಿ ಸಂಡಿಗೆ ಹರಡಿದರು. ಪೂರ್ವದ್ದು ಕಾಗೆಯ ಪಾಲಾಯಿತು, ದಕ್ಷಿಣದ್ದನ್ನು ಹಸು ಮುಗಿಸಿತು, ಉತ್ತರದ್ದು ಮೆತ್ತಗೇ ಉಳಿಯಿತು. ಪಶ್ಚಿಮದ್ದು ಮಾತ್ರ ಗರಿಗರಿ. ಬಿಲ್ಡರು ವರದಿ ಕೇಳಿದಾಗ ಮಾವ ಅದನ್ನೇ ಕರಿದು ತಟ್ಟೆಯಲ್ಲಿಟ್ಟರು. ತಿಂದು ಮುಗಿಸಿದ ಬಿಲ್ಡರು ಪಶ್ಚಿಮದ ಕಿಟಕಿಗಳಿಗೆಲ್ಲ ಬಿಸಿಲುಮರೆ ಹಾಕಲು ಒಪ್ಪಿದರು.

ಉಳಿದ ಕಿಟಕಿಗಳನ್ನು ಮಾವ ಬೆಟ್ಟದ ಕಡೆಗೆ ಓರೆ ಮಾಡಿದರು. ಹೋಳಿಗೆ ಎಲ್ಲಿಯವರೆಗೆ ಬಂತೆಂದು ಪಂಕ್ತಿಯವರೆಲ್ಲ ಕತ್ತು ತಿರುಗಿಸಿ ನೋಡಿದಂತಿತ್ತು ಕಟ್ಟಡ! ರಗಳೆಯಾದದ್ದು ಎರಡನೇ ಅಂತಸ್ತಿನಲ್ಲಿ ಈ ಬದಿಯಿಂದ ಆ ಬದಿಗೆ ತೂರಿಹೋಗುವಂತೆ ಬಿಟ್ಟ ದೊಡ್ಡ ಕಿಂಡಿಗೆ.

"ಇಲ್ಲೊಂದು ಮನೆ ಆಗ್ತಿತ್ತಲ್ಲ ಸಾರ್?" ಎಂದರು ಬಿಲ್ಡರು.

"ಗಾಳಿಗೆ ಕಣ್ರೀ. ಕಟ್ಟಡ ಉಸಿರಾಡೋದು ಬೇಡ್ವಾ?"

ಕಿಂಡಿ ಮುಚ್ಚಿದರೆ ನಕ್ಷೆಯನ್ನೇ ಹರಿದುಹಾಕುವುದಾಗಿ ಮಾವ ಹಟ ಹಿಡಿದರು. ಬಿಲ್ಡರು ಸೋತರು.

ಕಟ್ಟಡದ ಸುತ್ತ ಕಟ್ಟಿದ್ದ ಸಾರುವೆ ಬಿಚ್ಚಿದ ಮರುದಿನ ಬೆಳಗ್ಗೆ ನಾನು ಅತ್ತೆಯ ಜೊತೆ ತಾರಸಿಯಲ್ಲಿದ್ದೆ. ತುಳಸಿಗೆ ನೀರೆರೆದು ತಲೆಯೆತ್ತಿದ ಅತ್ತೆ ಹಾಗೆಯೇ ನಿಂತುಬಿಟ್ಟರು. ಕಿಂಡಿಯೊಳಗೆ ಬೆಟ್ಟದ ತುದಿ, ಗೋಪುರ! ನಾನು ಪಕ್ಕಕ್ಕೆ ಸರಿದು ನೋಡಿದೆ, ಬರೀ ಗೋಡೆ. ತುಳಸಿಕಟ್ಟೆಯ ಬಳಿ ನಿಂತವರಿಗಷ್ಟೇ ಬೆಟ್ಟ. ಗಾಳಿಗಂತೆ ಗಾಳಿಗೆ!

ಅತ್ತೆ ಕೈಮುಗಿದು ಕೆಳಗಿಳಿದರು. ಎರಡನೇ ಲೋಟ ಕಾಫಿಯನ್ನು ಮಾವನ ಮುಂದಿಟ್ಟು, ಮೊದಲೇ ಹೇಳುವುದಕ್ಕೆ ಏನಾಗಿತ್ತೆಂದು ಕೇಳಿದರು.

ಊರಿನ ಗೋಡೆಗಳನ್ನೆಲ್ಲ ಬೈಯುವ ಮಾವ ಪೇಪರಿನಿಂದ ತಲೆಯೆತ್ತಲಿಲ್ಲ.

"ಬೇರೆಯವರು ಬರೆದಿದ್ರೆ ಪೂರ್ತಿ ಮುಚ್ಬುಡೋರು. ನಾನು ಬರೆದ್ರೂ ಕಾಣದೇ ಹೋದ್ರೆ ಅಂತ ಹೆದರಿಕೆ ಇತ್ತು ಕಣೇ."